ಕುದುರೆಗೆ ಪಿತ್ತಕೋಶವಿಲ್ಲ

ಭೋಪಾಲದ ಜಹಾಂಗೀರಾಬಾದಿನ ಇನಾಯತ್ ಮಿಯಾಂ ಅವರನ್ನು "ನಿಮ್ಮ ಮಗಳು ತಲತ್ ಏನು ಓದ್ತಿದ್ದಾಳೆ?" ಎಂದು ಯಾರಾದರೂ ಕೇಳಿದರೆ, ಮೊದಲೆಲ್ಲ ಅವರು "ಡಾಕ್ಟರ್" ಎಂದುಬಿಡುತ್ತಿದ್ದರು. ಅದರ ಫಜೀತಿ ತಲತ್ ಅನುಭವಿಸಬೇಕಾಯಿತು. ಅರ್ಧ ಬೀದಿಯ ಹೆಂಗಸರು ಮೊಣಕಾಲು ನೋವು, ಸಕ್ಕರೆ ಕಾಯಿಲೆ ಎಂದು ಅವಳು ಬಸ್ಸಿಳಿಯುವುದನ್ನೇ ಕಾಯತೊಡಗಿದರು. "ನಾನು ಆ ಡಾಕ್ಟರ್ ಅಲ್ಲ ಚಾಚಿ" ಎಂದು ಹೇಳಿ ಹೇಳಿ ಬೇಸತ್ತ ಅವಳು ಅಪ್ಪನಿಗೆ ಸರಿಯಾದ ಉತ್ತರವನ್ನು ಬಾಯಿಪಾಠ ಮಾಡಿಸಿದಳು. ಅದು ಅವರ ಬಾಯಲ್ಲಿ ಹೀಗಾಯಿತು: "ಪ್ರಾಣಿಗಳ ಮೈಯಲ್ಲಿ ಏನೇನು ಇಲ್ಲ ಅಂತ ಹುಡುಕ್ತಾಳೆ."

"ಇರೋದನ್ನ ಹುಡುಕೋರನ್ನ ನೋಡಿದೀನಿ. ಇಲ್ಲದ್ದನ್ನ ಹುಡುಕೋದಾ ಖಾಂ?" ಎಂದು ಎದುರಿನ ಚಹಾ ಅಂಗಡಿಯ ಮುನ್ನೆ ಮಿಯಾಂ ನಗುತ್ತಿದ್ದ.

"ನಿನ್ನ ಚಹಾದಲ್ಲಿ ಹಾಲಿಲ್ಲ. ಬೇಕಾದ್ರೆ ಮೊದಲು ಅದನ್ನೇ ಹುಡುಕಿಸ್ತೀನಿ, ಸುಮ್ನಿರು" ಎನ್ನುತ್ತಿದ್ದರು ಇನಾಯತ್ ಮಿಯಾಂ.

ಅವರದು ಎಮ್ಮೆ ಮಾಂಸದ ಅಂಗಡಿ, ಅವರ ತಂದೆಯ ಕಾಲದ್ದು. ಅಂಗಡಿಯ ಹಿಂದೆಯೇ ಮನೆ. ಆ ಮನೆಯಲ್ಲಿ ಹತ್ತನೇ ತರಗತಿ ದಾಟಿದ ಮೊದಲ ಜೀವ ತಲತ್. ಅಲ್ಲಿಂದ ಅವಳು ಕಾಲೇಜಿಗೆ ಹೋದಳು, ಎರಡು ಬಸ್ಸು ಬದಲಿಸಿ ಊರಾಚೆಯ ಸಂಶೋಧನಾ ಸಂಸ್ಥೆಗೆ ಹೋದಳು. ಅಲ್ಲಿಗೆ ಹೋಗತೊಡಗಿ ಈಗ ಆರನೇ ವರ್ಷ. ಅವಳ ಜೊತೆ ಶಾಲೆ ಕಲಿತವರ ಮಕ್ಕಳು ಶಾಲೆಗೆ ಹೋಗುತ್ತಿದ್ದರು. "ಇನ್ನೂ ಸಿಗಲಿಲ್ವಾ?" ಎಂದು ಅಮ್ಮಿ ದಿನವೂ ಕೇಳುತ್ತಿದ್ದಳು, ಮನೆಯಲ್ಲಿ ಸೂಜಿ ಕಳೆದುಹೋದವರನ್ನು ಕೇಳಿದ ಹಾಗೆ.

ತಲತ್ ಹುಡುಕುತ್ತಿದ್ದುದು ಕಳೆದುಹೋದ ವಂಶವಾಹಿಗಳನ್ನು. ಹಾಲೂಡಿಸುವ ಪ್ರಾಣಿಗಳಿಗೆಲ್ಲ ಒಂದೇ ಪೂರ್ವಜರು. ಹಾಗಾಗಿ ಅವರಿಂದ ಬಂದ ಆಸ್ತಿಯೂ ಹೆಚ್ಚುಕಡಿಮೆ ಒಂದೇ. ಆದರೆ ಯಾವುದೋ ಪ್ರಾಣಿಗೆ ಅದರಲ್ಲೊಂದು ಬೇಡವಾಯಿತು ಎನ್ನಿ. ಆಗ ಅದು ವಾಸವಿಲ್ಲದ ಕೋಣೆಯ ಹಾಗೆ. ಇವತ್ತೊಂದು ಹೆಂಚು ಜಾರುತ್ತದೆ, ನಾಳೆ ಬಾಗಿಲು ಕಳಚುತ್ತದೆ, ದುರಸ್ತಿ ಮಾಡುವವರಿಲ್ಲ. ನೀರು ಸೇರಿದ ತಿಮಿಂಗಿಲಕ್ಕೆ ಕೂದಲು ಬೇಡವಾಗಿ ಕೂದಲಿನ ವಂಶವಾಹಿಗಳು ಮುರಿದುಬಿದ್ದವು. ಇರುವೆ ನುಂಗುವ ಚಿಪ್ಪುಹಂದಿಗೆ ಹಲ್ಲು ಬೇಡವಾಗಿ ಹಲ್ಲಿನ ಹೊಳಪು ಕಟ್ಟುವ ವಂಶವಾಹಿಗಳು ಕೆಟ್ಟವು. ಮನುಷ್ಯರು ನಿಂಬೆ, ನೆಲ್ಲಿ ತಿನ್ನಲೇಬೇಕಾಗಿರುವುದೂ ಇಂಥದೊಂದು ಹಳೆಯ ನಷ್ಟದಿಂದಲೇ. ಮುರಿದ ಗೋಡೆ ಇಂದಿಗೂ ಮೈಯೊಳಗೇ ಇದೆ, ಓದಬಲ್ಲವರು ಓದಬಹುದು.

ತಲತ್ ಆರಿಸಿಕೊಂಡದ್ದು ಪಿತ್ತಕೋಶವನ್ನು. ಎಮ್ಮೆಗೆ ಪಿತ್ತಕೋಶವಿದೆ, ಕುದುರೆಗಿಲ್ಲ. ಇಲಿಮರಿಯಷ್ಟೇ ಇರುವ ಸುಂಡಿಲಿಗೆ ಇದೆ, ದೊಡ್ಡ ಇಲಿಗಿಲ್ಲ. ಒಂಟೆಗಿಲ್ಲ, ಜಿಂಕೆಗಿಲ್ಲ. ಇವೆಲ್ಲ ಹತ್ತಿರದ ನೆಂಟರೂ ಅಲ್ಲ, ಒಂದೊಂದೂ ತನ್ನ ಪಾಡಿಗೆ ತಾನು ಕಳೆದುಕೊಂಡಿದೆ. ಹಾಗಾದರೆ ಕಳೆದುಕೊಂಡವರೆಲ್ಲರಲ್ಲೂ ಒಂದೇ ವಂಶವಾಹಿ ಮುರಿದಿರಬಹುದೇ? ಕಂಪ್ಯೂಟರಿನ ಮುಂದೆ ಕೂತು ಕಣ್ಣು ಕೆಂಪಾಗಿಸಿಕೊಂಡು ಅವಳು ಅಂಥದೊಂದನ್ನು ಕಂಡುಹಿಡಿದಳು. ಅದಕ್ಕೆ ಬಾಯಲ್ಲಿ ನಿಲ್ಲದ ಹೆಸರೊಂದಿತ್ತು. ಅವಳು ಅದನ್ನು ಪಿತ್ತದ ವಂಶವಾಹಿ ಎನ್ನುತ್ತಿದ್ದಳು. ಎಮ್ಮೆಯಲ್ಲಿ ಅದು ನೆಟ್ಟಗಿತ್ತು. ಕುದುರೆಯಲ್ಲಿ ನಡುವೆ ಮುರಿದಿತ್ತು. ಅವಳ ಪ್ರಬಂಧದ ಮುಖ್ಯ ಅಧ್ಯಾಯ ಅದೇ. ಅದು ನಿಂತರೆ ಪದವಿ, ಬಿದ್ದರೆ ಆರು ವರ್ಷವೂ ಅದರ ಜೊತೆ.

ಆದರೆ ಅವಳ ಮಾರ್ಗದರ್ಶಕರಾದ ಡಾ. ನಿಗಮ್ ನಂಬುವ ಕುಲದವರಲ್ಲ.

"ಕುದುರೆಯಲ್ಲಿ ಮುರಿದಿದೆ ಅಂತ ಯಾರು ಹೇಳಿದ್ದು?"

"ಜಗತ್ತಿನ ವಂಶವಾಹಿ ಭಂಡಾರದಲ್ಲಿದೆ ಸರ್."

"ಅದು ಯಾವುದೋ ದೇಶದ ಒಂದು ಕುದುರೆ. ಓದಿದವರು ಅಲ್ಲೊಂದು ಅಕ್ಷರ ತಪ್ಪು ಓದಿದ್ರೆ? ಇಲ್ಲ ಅನ್ನೋದು ಸುಲಭ ಅಲ್ಲಮ್ಮ. ನನಗೆ ಕಾಣಿಸಲಿಲ್ಲ ಅನ್ನೋದು ಬೇರೆ, ಇಲ್ಲ ಅನ್ನೋದು ಬೇರೆ. ತಾಜಾ ಕುದುರೆ ಯಕೃತ್ತು ತಾ. ಆ ವಂಶವಾಹಿ ಅಲ್ಲಿ ಕೆಲಸ ಮಾಡ್ತಿಲ್ಲ ಅಂತ ತೋರಿಸು. ಆಮೇಲೆ ಸಹಿ ಹಾಕ್ತೀನಿ."

ಭೋಪಾಲದಲ್ಲಿ ಕುದುರೆಗೇನು ಬರ, ಮದುವೆಯ ತಿಂಗಳಲ್ಲಿ ಬೀದಿಗೊಂದು. ಆದರೆ ಸಾಯುವ ಕುದುರೆಯೇ ಬೇಕು, ಅದೂ ಸತ್ತ ಕೂಡಲೇ ಕೈಗೆ ಸಿಗಬೇಕು. ಮದುಮಕ್ಕಳ ಮೆರವಣಿಗೆಗೆ ಕುದುರೆ ಕೊಡುವ ಲಡ್ಡನ್ ಖಾಂ ಬಳಿ ಚಾಂದನಿ ಎಂಬ ಮುದಿ ಕುದುರೆಯೊಂದಿತ್ತು. ಅದರ ಆರೋಗ್ಯ ವಿಚಾರಿಸಲು ತಲತ್ ಪದೇ ಪದೇ ಹೋಗತೊಡಗಿದಾಗ ಅವನಿಗೆ ಕಣ್ಣೀರೇ ಬಂದಿತ್ತು. "ನಮ್ಮವರೇ ಇಷ್ಟು ವಿಚಾರಿಸಲ್ಲ ಆಪಾ" ಎಂದಿದ್ದ. ವಿಷಯ ತಿಳಿದ ಮೇಲೆ ಒಂದು ವಾರ ಮಾತು ಬಿಟ್ಟ. ಆಮೇಲೆ, ಹೋದ ಮೇಲೆ ಮಣ್ಣಿಗೆ ತಾನೇ ಎಂದು ಒಪ್ಪಿಕೊಂಡ. "ನಾನಿಲ್ಲದಾಗ ಆದ್ರೆ ಯಕೃತ್ತು ತೆಗೆಸಿ ಅಬ್ಬು ಅಂಗಡಿಗೆ ತಲುಪಿಸಿಬಿಡಿ" ಎಂದಳು ತಲತ್. ಅಂಗಡಿಯಲ್ಲಿ ಔಷಧದ ನೀರು ತುಂಬಿದ ಪುಟ್ಟ ಬಾಟಲಿಗಳನ್ನಿಟ್ಟು, ಯಕೃತ್ತನ್ನು, ಅಪ್ಪನ ಮಾತಿನಲ್ಲಿ ಕಲೇಜಿಯನ್ನು, ಕಡಲೆಕಾಳಿನಷ್ಟು ಚೂರು ಮಾಡಿ ಹಾಕಬೇಕೆಂದು ಅಪ್ಪನಿಗೆ ಹೇಳಿಕೊಟ್ಟಳು.

"ನನಗೆ ಕತ್ತರಿಸೋದು ಕಲಿಸ್ತೀಯಾ ಬಿಟಿಯಾ?" ಎಂದರು ಇನಾಯತ್ ಮಿಯಾಂ.

ಚಾಂದನಿ ಸತ್ತದ್ದು ತಲತ್ ಇಂದೋರಿನಲ್ಲಿ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದಾಗ. ಅಪ್ಪ ಫೋನು ಮಾಡಿ "ನಿನ್ನ ಕೆಲಸ ಆಯ್ತು, ಎಲ್ಲಾ ಬಾಟಲಿ ತುಂಬಿದೆ" ಎಂದರು. ಮರಳಿ ಬಂದು ನೋಡಿದರೆ ಚೂರುಗಳು ಅಳತೆಪಟ್ಟಿ ಇಟ್ಟು ಕತ್ತರಿಸಿದ ಹಾಗಿದ್ದವು. ಅವಳಿಗೆ ಅಪ್ಪನ ಬಗ್ಗೆ ಹೆಮ್ಮೆಯಾಯಿತು. ಆ ಹೆಮ್ಮೆ ಸಂಸ್ಥೆಯ ಪ್ರಯೋಗಾಲಯದವರೆಗೆ ಬಾಳಿತು.

ಏಕೆಂದರೆ ವಂಶವಾಹಿ ಕೆಲಸ ಮಾಡುತ್ತಿತ್ತು. ಕತ್ತಲೆಯ ಪೆಟ್ಟಿಗೆಯಲ್ಲಿ ನೀಲಿ ಬೆಳಕು ಹಾಕಿದರೆ, ಏನೂ ಇರಬಾರದಾಗಿದ್ದ ಜಾಗದಲ್ಲಿ ದಪ್ಪನೆಯ ಗೆರೆಯೊಂದು ಹೊಳೆಯುತ್ತಿತ್ತು. ಅವಳು ಮತ್ತೆ ಮಾಡಿದಳು. ಮತ್ತೆ ಹೊಳೆಯಿತು.

ಡಾ. ನಿಗಮ್ ಕನ್ನಡಕ ಮೇಲೇರಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸತ್ತಿದೆ ಅಂತ ನೀನು ಊದುಬತ್ತಿ ಹಚ್ಚಿದ್ದೆ. ಎದ್ದು ಕೂತು ಚಹಾ ಕೇಳ್ತಿದೆ ನೋಡು" ಎಂದರು. "ವಂಶವಾಹಿಯ ಅಕ್ಷರ ಓದಿಸು. ಮುರಿದಿಲ್ಲ ಅಂತಾದ್ರೆ ಈ ಅಧ್ಯಾಯ ತೆಗೆದುಬಿಡೋಣ."

ಓದಿಸಿದಳು. ಮುರಿದಿರಲಿಲ್ಲ. ಆದಿಯಿಂದ ಅಂತ್ಯದವರೆಗೆ ಒಂದೂ ಬಿರುಕಿಲ್ಲ.

ತಲತ್ ಆ ಅಕ್ಷರಗಳನ್ನು ಬೇರೆ ಪ್ರಾಣಿಗಳ ಪಕ್ಕದಲ್ಲಿ ಇಟ್ಟು ನೋಡಿದ್ದು ಅನುಮಾನದಿಂದಲ್ಲ, ಬೇರೇನೂ ತೋಚದೆ. ಕುದುರೆಯ ಜೊತೆ ಹೊಂದಲಿಲ್ಲ. ಎಮ್ಮೆಯ ಜೊತೆ ಅಕ್ಷರ ಬಿಡದೆ ಹೊಂದಿತು.

ಮೊದಲು ಅವಳು ತನ್ನನ್ನೇ ಶಂಕಿಸಿದಳು. ಎಮ್ಮೆ ಮಾಂಸದ ಅಂಗಡಿಯ ಹಿಂದೆ ಮಲಗಿ ಏಳುವವಳು. ದುಪಟ್ಟಾದಲ್ಲಿ ಬಂದಿರಬಹುದು, ಚೀಲದಲ್ಲಿ ಬಂದಿರಬಹುದು, ಉಗುರಿನಲ್ಲಿ ಬಂದಿರಬಹುದು. ಪಕ್ಕದ ಮೇಜಿನ ಹುಡುಗಿಯರು ಏನೂ ಹೇಳದಿದ್ದರೂ ಹೇಳಿದಂತೆ ಅವಳ ಕಿವಿ ಬಿಸಿಯಾಯಿತು. ಕೈ ಉರಿಯುವಷ್ಟು ತೊಳೆದಳು. ಮೇಜು ಒರೆಸಿದಳು. ಮುಚ್ಚಳ ತೆಗೆಯದ ಹೊಸ ಬಾಟಲಿ ತೆಗೆದು ಮೊದಲಿನಿಂದ ಮಾಡಿದಳು. ಎಮ್ಮೆ. ಇನ್ನೊಂದು ಬಾಟಲಿ. ಎಮ್ಮೆ. ಅಷ್ಟೇ ಅಲ್ಲ, ಬರೀ ಎಮ್ಮೆ. ಕುದುರೆ ಅದರಲ್ಲಿ ಹೆಸರಿಗೂ ಇರಲಿಲ್ಲ.

ಊರಿಗೆ ಮರಳುವ ಬಸ್ಸಿನಲ್ಲಿ ಅವಳಿಗೆ ಅಳತೆಪಟ್ಟಿ ಇಟ್ಟಂಥ ಆ ಚೂರುಗಳು ನೆನಪಾದವು.

ಅಂಗಡಿಯಲ್ಲಿ ಸಂಜೆಯ ಗಿರಾಕಿಗಳಿದ್ದರು. ತಲತ್ ಚಪ್ಪಲಿ ಕೂಡ ಬಿಡದೆ ಕಟ್ಟೆಯ ಬಳಿ ನಿಂತಳು.

"ಅಬ್ಬು, ಆ ಬಾಟಲಿಗಳಿಗೆ ಏನು ಹಾಕಿದ್ರಿ?"

"ಕಲೇಜಿ."

"ಯಾವ ಪ್ರಾಣಿದು?"

ಇನಾಯತ್ ಮಿಯಾಂ ಕತ್ತಿ ಮಸೆಯುತ್ತ "ಒಳ್ಳೇದು" ಎಂದರು.

"ಒಳ್ಳೇದು ಅಂದ್ರೆ ಯಾವ ಪ್ರಾಣಿದು?"

"ಅವತ್ತು ಬೆಳಿಗ್ಗೆ ಬಂದ ಮಾಲು. ಗಂಟಿಲ್ಲ, ಹುಳವಿಲ್ಲ. ನಾನೇ ಆರಿಸಿ ಹಾಕಿದ್ದು. ಆ ಲಡ್ಡನ್ ತಂದಿದ್ದು ನೋಡಿದ್ರೆ ನಿಂಗೇ ವಾಂತಿ ಬರ್ತಿತ್ತು."

"ನಂಗೆ ಅದೇ ಬೇಕಿತ್ತು ಅಬ್ಬು! ಕುದುರೇದೇ ಬೇಕಿತ್ತು!"

"ಕಲೇಜಿ ಕಲೇಜಿನೇ ಅಲ್ವಾ? ನೀನೇ ಹೇಳ್ತೀಯಲ್ಲ, ಎಲ್ಲಾ ಪ್ರಾಣಿ ಒಂದೇ ಅಜ್ಜಿ ಮಕ್ಕಳು ಅಂತ."

ತಲತ್ ಎರಡೂ ಕೈ ತಲೆಯ ಮೇಲೆ ಹೊತ್ತಳು. "ಯಾ ಅಲ್ಲಾ! ಒಂದೇ ಅಜ್ಜಿ ಮಕ್ಕಳಲ್ಲಿ ಯಾರು ಏನು ಕಳ್ಕೊಂಡ್ರು ಅಂತ ನೋಡೋದೇ ನನ್ನ ಕೆಲಸ! ಕುದುರೆ ಕಲೇಜಿ ಎಲ್ಲಿ? ಏನು ಮಾಡಿದ್ರಿ ಅದನ್ನ?"

"ಮೆಲ್ಲಗೆ ಮಾತಾಡು."

"ಕುದುರೆ ಕಲೇಜಿ ಎಲ್ಲಿ ಅಂತ ಕೇಳ್ತಿದೀನಿ!"

ಬುರ್ಖಾದ ಹೆಂಗಸೊಬ್ಬಳು ಆಗಷ್ಟೇ ಕಟ್ಟಿಸಿಕೊಂಡ ಪೊಟ್ಟಣವನ್ನು ನೋಡಿದಳು. ಆಮೇಲೆ ಇನಾಯತ್ ಮಿಯಾಂ ಅವರನ್ನು ನೋಡಿದಳು. "ಏನದು ಭಾಯ್? ಕುದುರೆ ಅಂದಳಲ್ಲ?" ಎಂದಳು. ಉತ್ತರಕ್ಕೆ ಕಾಯದೆ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದಳು. ಅವಳ ಹಿಂದಿದ್ದವನು "ನಾಳೆ ಬರ್ತೀನಿ ಚಚಾ" ಎಂದ. ಎದುರಂಗಡಿಯಲ್ಲಿ ಮುನ್ನೆ ಮಿಯಾಂ ಚಹಾ ಸೋಸುವುದನ್ನು ನಿಲ್ಲಿಸಿ ಕೇಳುತ್ತಿದ್ದ.

ಇನಾಯತ್ ಮಿಯಾಂ ಬಾಗಿಲ ಪರದೆ ಎಳೆದರು. ಮುಖ ಕಪ್ಪಿಟ್ಟಿತ್ತು.

"ಸಮಾಧಾನ ಆಯ್ತಾ? ಅವತ್ತು ಇದೇ ಆಗಬಾರ್ದು ಅಂತ ನಾನು ಒದ್ದಾಡಿದ್ದು. ಭಾನುವಾರ, ಅಂಗಡಿ ತುಂಬ ಜನ. ಆ ಲಡ್ಡನ್ ಗೋಣಿಚೀಲ ತಂದು ಕಟ್ಟೆ ಮೇಲೆ ಕುಕ್ಕಿ 'ಚಚಾ, ನನ್ನ ಚಾಂದನಿ ಹೋದಳು' ಅಂತ ಅತ್ತ. ಅತ್ತಿದ್ದಕ್ಕೆ ಬಚಾವಾದೆ, ಜನ ಅವನ ಹೆಂಡತಿ ಸತ್ತಳು ಅಂದ್ಕೊಂಡು ದೂರ ಸರಿದ್ರು. ಚೀಲ ಹಿತ್ತಲಿಗೆ ಹಾಕಿ, ಮಣ್ಣು ಮಾಡಿಸಿದೆ. ನನ್ನ ಅಂಗಡಿಯಲ್ಲಿ, ನನ್ನ ಹಲಗೆ ಮೇಲೆ, ನನ್ನ ಕತ್ತೀಲಿ ಕುದುರೆ ಕತ್ತರಿಸ್ಲಾ? ನಿಂಗೆ ಬುದ್ಧಿ ಇದೆಯಾ?"

"ಹಾಗಂತ ಹೇಳಬಹುದಿತ್ತಲ್ಲ! ಬಾಟಲಿ ಖಾಲಿ ಬಿಡಬಹುದಿತ್ತಲ್ಲ!"

"ನೀನು ಬರ್ತೀಯ, ಖಾಲಿ ಬಾಟಲಿ ನೋಡಿ ಅಳ್ತೀಯ ಅಂತ ತುಂಬಿಸಿಟ್ಟೆ. ನಿಮ್ಮೋರಿಗೆ ಗೊತ್ತಾಗುತ್ತೆ ಅಂತ ನಂಗೇನು ಗೊತ್ತು? ಕಡಲೆಕಾಳಿನಷ್ಟು ಚೂರಲ್ಲಿ ಎಮ್ಮೆ ಯಾವುದು ಕುದುರೆ ಯಾವುದು ಅಂತ ನಂಗೇ ಗೊತ್ತಾಗಲ್ಲ." ಅವರು ಸ್ಟೂಲಿನ ಮೇಲೆ ಕುಸಿದರು. "ಈಗ ಹೇಳು. ಇನಾಯತ್ ಕುದುರೆ ಮಾರ್ತಾನೆ ಅಂತ ಬೀದಿಯೆಲ್ಲ ಆಡ್ಕೊಳ್ಳುತ್ತೆ. ಎಮ್ಮೆ ಮಾರಿದ್ದನ್ನ ತೋರಿಸಬಹುದು. ಕುದುರೆ ಮಾರದೇ ಇದ್ದಿದ್ದನ್ನ ಹೇಗೆ ತೋರಿಸ್ಲಿ?"

ಆರು ವರ್ಷದಿಂದ ಡಾ. ನಿಗಮ್ ತಲತ್‌ಳನ್ನು ಕೇಳುತ್ತಿದ್ದುದೂ ಇದನ್ನೇ.

ಅಪ್ಪ ಹೇಳಿದ ಹಾಗೇ ಆಯಿತು. ಮರುದಿನ ಗಿರಾಕಿ ಕಡಿಮೆ, ಅದರ ಮರುದಿನ ಇನ್ನೂ ಕಡಿಮೆ. ಹಳೆಯ ಗಿರಾಕಿಗಳು ಬಂದರೂ ತುಂಡನ್ನು ಮೂಸಿ ನೋಡಿ ಕೊಳ್ಳತೊಡಗಿದರು. ಪಡ್ಡೆ ಹುಡುಗರು ಅಂಗಡಿಯ ಮುಂದೆ ಹೋಗುವಾಗ ಹೇಷಾರವ ಮಾಡುತ್ತಿದ್ದರು. ಮುನ್ನೆ ಮಿಯಾಂ "ಖಾಂ, ಇವತ್ತು ಟಾಂಗಾ ಇದೆಯಾ, ಬರೀ ಕುದುರೆನಾ?" ಎಂದು ಕೇಳಿ, ಇನಾಯತ್ ಮಿಯಾಂ ತಿಂಗಳುಗಟ್ಟಲೆ ಅವನ ಚಹಾ ಬಿಡುವಂತೆ ಮಾಡಿಕೊಂಡ. ತಲತ್ ಮನೆಮನೆಗೆ ಹೋಗಿ ವಿವರಿಸಲು ಹೊರಟಳು. "ಕುದುರೆ ಅಂಗಡಿಗೆ ಬಂದಿದ್ದು ನಿಜ ಚಾಚಿ, ಆದ್ರೆ ಅದು ನನ್ನ ಸಂಶೋಧನೆಗೆ" ಎನ್ನುತ್ತಲೇ ಚಾಚಿಯರು "ಬಂದಿದ್ದು ನಿಜವಂತೆ" ಎಂದಷ್ಟನ್ನು ಹಿಡಿದುಕೊಂಡು ಮುಂದಿನ ಮನೆಗೆ ಓಡಿದರು. ಅಮ್ಮಿ ಅವಳ ಕೈ ಹಿಡಿದು ಎಳೆದುತಂದು "ನೀನು ಇನ್ನು ವಿವರಿಸಬೇಡ, ಕೈ ಮುಗಿತೀನಿ" ಎಂದಳು.

ಅಪ್ಪ ಮಗಳು ಮಾತು ಬಿಟ್ಟರು. ಅನ್ನದ ತಟ್ಟೆ ಅಮ್ಮಿಯ ಮೂಲಕ ಸಾಗುತ್ತಿತ್ತು.

ಇತ್ತ ಡಾ. ನಿಗಮ್ ನಡೆದದ್ದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ಎಮ್ಮೆಯಲ್ಲಿ ಕೆಲಸ ಮಾಡುತ್ತೆ ಅಂತ ಸಾಬೀತಾಯ್ತು. ಅದೂ ಬೇಕಾಗಿತ್ತು. ಈಗ ಕುದುರೆ ತಾ. ಸೆಮಿಸ್ಟರ್ ಮುಗಿಯೋದ್ರೊಳಗೆ. ಆಮೇಲೆ ನನ್ನ ಕೈಯಲ್ಲೂ ಏನಿಲ್ಲ" ಎಂದರು.

ಕುದುರೆ ಸಾಯಲಿ ಎಂದು ಬೇಡಿಕೊಳ್ಳುವುದು ಪಾಪವೆಂದು ತಲತ್‌ಗೆ ಗೊತ್ತಿತ್ತು. ಬೇಡಿಕೊಳ್ಳಲಿಲ್ಲ. ಆದರೆ ಲಡ್ಡನ್ ಖಾಂ ಒಂದು ಮಧ್ಯಾಹ್ನ ಫೋನು ಮಾಡಿ "ಆಪಾ, ನನ್ನ ಭಾವಮೈದುನನ ಗಂಡು ಕುದುರೆಗೆ ಹೊಟ್ಟೆಶೂಲೆ, ಪಶು ಆಸ್ಪತ್ರೇಲಿದೆ, ಉಳಿಯಲ್ಲ ಅಂದ್ರು" ಎಂದಾಗ ಅವಳು ಮೊದಲು ಬಾಟಲಿಗಳನ್ನು ಎಣಿಸಿಕೊಂಡು, ಆಮೇಲೆ "ಅಯ್ಯೋ ಪಾಪ" ಎಂದಳು.

ಮನೆಯಿಂದ ಹೊರಡುವಾಗ ಇನಾಯತ್ ಮಿಯಾಂ ಸ್ಕೂಟರ್ ಹೊರತೆಗೆದು ನಿಂತಿದ್ದರು. ಮುಖಕ್ಕೆ ಟವೆಲು ಸುತ್ತಿಕೊಂಡು ಕಣ್ಣಷ್ಟೇ ಬಿಟ್ಟಿದ್ದರು.

"ನೀವ್ಯಾಕೆ? ಯಾರಾದ್ರೂ ನೋಡಿದ್ರೆ?"

"ಇನ್ನು ನೋಡೋದಕ್ಕೆ ಏನು ಉಳಿದಿದೆ? ಗಾಡಿ ಹತ್ತು."

ಆಸ್ಪತ್ರೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಆಗಷ್ಟೇ ಸತ್ತ ಕುದುರೆಯನ್ನು ಮಲಗಿಸಿದ್ದರು. ಪಶುವೈದ್ಯರು ಹೊಟ್ಟೆ ಸೀಳಿ ತಿರುಚಿಕೊಂಡ ಕರುಳನ್ನು ನೋಡಿ ಬರೆದುಕೊಂಡು, "ಬೇಗ ತಗೊಳ್ಳಮ್ಮ, ಈ ಸೆಕೆಯಲ್ಲಿ ಅರ್ಧ ಗಂಟೆ ಕೂಡ ನಿಲ್ಲಲ್ಲ" ಎಂದು ಕೈ ತೊಳೆಯಲು ಹೋದರು. ತಲತ್ ಕೈಗವಸು ಹಾಕಿಕೊಂಡು ಬಗ್ಗಿದಳು. ಅವಳ ಕೈಯಲ್ಲಿದ್ದುದು ಪ್ರಯೋಗಾಲಯದ ಚಿಕ್ಕ ಚೂರಿ. ಎದುರಿಗಿದ್ದುದು ಕುದುರೆ.

ಇನಾಯತ್ ಮಿಯಾಂ ಬಾಗಿಲಲ್ಲೇ ನಿಂತರು. ಒಳಗೆ ಬರುವುದಿಲ್ಲವೆಂದು ದಾರಿಯಲ್ಲೇ ಹೇಳಿದ್ದರು.

"ಹಾಗಲ್ಲ. ಮೇಲಿಂದ ಬಿಡಿಸ್ಕೋ."

"ಗೊತ್ತು."

"ಗೊತ್ತಿದ್ರೆ ಹಾಗೆ ಹಿಡೀತಾರಾ? ಪೆನ್ಸಿಲ್ಲಾ ಅದು? ಹರಿದುಹೋಗುತ್ತೆ."

"ಅಬ್ಬು, ಸುಮ್ನಿರಿ!"

"ಎಡಗೈ ಒಳಗೆ ಹಾಕು. ಇನ್ನೂ ಒಳಗೆ. ಅಯ್ಯೋ ನನ್ನ ಹಣೆಬರಹವೇ, ಕಸಾಯಿ ಖುರೇಶಿಗಳ ಮಗಳಂತೆ!"

ಅವರು ಟವೆಲು ಕಿತ್ತು ಹೆಗಲಿಗೆ ಹಾಕಿ ಒಳಗೆ ಬಂದರು. ಕೈಗವಸು ಕೊಟ್ಟರೆ "ಇದ್ರಲ್ಲಿ ಬೆರಳಿಗೆ ಏನು ಕಾಣುತ್ತೆ" ಎಂದು ಗೊಣಗಿದರೂ ಹಾಕಿಕೊಂಡರು. ಆಸ್ಪತ್ರೆಯ ಕತ್ತಿಯನ್ನು ಎತ್ತಿ, ಅಲಗನ್ನು ನೋಡಿ ಮುಖ ಸಿಂಡರಿಸಿದರು. ಆಮೇಲೆ ಎರಡು ಕಡೆ ಬಿಡಿಸಿ ದೊಡ್ಡ ಕಪ್ಪುಕೆಂಪು ಯಕೃತ್ತನ್ನು ಒಂದೇ ಸಲಕ್ಕೆ ಎತ್ತಿ ಹಲಗೆಯ ಮೇಲೆ ಮಗುಚಿದರು.

ಅಲ್ಲಿ ಅವರ ಕೈ ನಿಂತಿತು. ಪಿತ್ತ ಒಡೆದರೆ ಇಡೀ ಕಲೇಜಿ ಕಹಿ. ಅದಕ್ಕೇ ಅವರ ಹೆಬ್ಬೆರಳು ನಲವತ್ತು ವರ್ಷದಿಂದ ತಾನಾಗಿಯೇ ಮೊದಲು ಆ ಹಸಿರು ಚೀಲದ ಬಳಿಗೆ ಹೋಗುತ್ತಿತ್ತು. ಈಗಲೂ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಅವರು ಯಕೃತ್ತಿನ ಮಡಿಕೆಯನ್ನು ಬಿಡಿಸಿ ನೋಡಿದರು. ಇನ್ನೊಂದು ಮಡಿಕೆ ಬಿಡಿಸಿದರು. ತಿರುಗಿಸಿದರು. ನೆಲದ ಮೇಲೆ ಬಿತ್ತೇನೋ ಎಂದು ಬಗ್ಗಿದರು.

"ಪಿತ್ತ ಎಲ್ಲಿ? ನಾನು ಕತ್ತರಿಸ್ಲಿಲ್ಲ. ಎಲ್ಲಿ ಹೋಯ್ತು?"

"ಇಲ್ಲ ಅಬ್ಬು."

"ಇಲ್ಲ ಅಂದ್ರೆ? ಆ ಡಾಕ್ಟರ್ ತೆಗೆದನಾ?"

"ಕುದುರೆಗೆ ಇರೋದೇ ಇಲ್ಲ. ಆರು ವರ್ಷದಿಂದ ಅದನ್ನೇ ಹೇಳ್ತಿದೀನಿ."

ಇನಾಯತ್ ಮಿಯಾಂ ಇನ್ನೊಮ್ಮೆ ಬೆರಳಾಡಿಸಿದರು. "ಗಾಯದ ಗುರುತೂ ಇಲ್ಲ" ಎಂದರು. ಯಕೃತ್ತನ್ನು ಮತ್ತೆ ಮಗುಚಿದರು. "ಹಾಗಾದ್ರೆ ಪಿತ್ತ ಎಲ್ಲಿ ಇಟ್ಕೊಳ್ಳುತ್ತೆ?"

"ಇಟ್ಕೊಳ್ಳಲ್ಲ. ದಿನವಿಡೀ ಮೇಯ್ತಿರುತ್ತಲ್ಲ, ಆದಷ್ಟು ಆಗಿಂದಾಗ್ಲೇ ಇಳಿದು ಹೋಗುತ್ತೆ ಅಂತಾರೆ. ಕೂಡಿಡೋ ಕೆಲಸ ಇಲ್ಲ. ಕೆಲಸ ಇಲ್ಲದ್ದು ಹೋಯ್ತು. ಅದರ ವಂಶವಾಹಿ ಮುರೀತಾ ಅಂತ ನಾನು ನೋಡ್ತಿರೋದು."

"ಇದನ್ನ ಮೊದಲೇ ಹೇಳೋದಲ್ವಾ?" ಎಂದು ಅವರು ಕೆರಳಿದರು.

ಜಗಳಕ್ಕೆ ನಿಂತರೆ ಅರ್ಧ ಗಂಟೆ ಮೀರುತ್ತಿತ್ತು. ತಲತ್ ಬಾಟಲಿಗಳ ಮುಚ್ಚಳ ತೆಗೆದು ಹಿಡಿದಳು. ಅಪ್ಪ ಕಡಲೆಕಾಳಿನಷ್ಟು ಚೂರು ಮಾಡಿ ಹಾಕಿದರು.

ಈ ಸಲ ನೀಲಿ ಬೆಳಕಿನಲ್ಲಿ, ಎಲ್ಲ ಯಕೃತ್ತಿನಲ್ಲೂ ಕೆಲಸ ಮಾಡಲೇಬೇಕಾದ ಬೇರೆ ವಂಶವಾಹಿಗಳ ಗೆರೆಗಳೆಲ್ಲ ಹೊಳೆದವು. ಮಾದರಿ ಕೆಟ್ಟಿಲ್ಲವೆಂದು ಅದರಿಂದ ಗೊತ್ತಾಯಿತು. ಪಿತ್ತದ ವಂಶವಾಹಿಯ ಜಾಗ ಮಾತ್ರ ಕತ್ತಲೆ. ಅಕ್ಷರ ಓದಿಸಿದರೆ ಭಂಡಾರದ ಕುದುರೆಯಲ್ಲಿ ಮುರಿದಿದ್ದ ಜಾಗದಲ್ಲೇ ಭೋಪಾಲದ ಕುದುರೆಯಲ್ಲೂ ಮುರಿದಿತ್ತು. ಡಾ. ನಿಗಮ್ ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿ, ಬೇರೆ ದಾರಿ ಕಾಣದೆ ಸಹಿ ಹಾಕಿದರು.

ಆ ಸುದ್ದಿ ಹೇಳಲು ತಲತ್ ಅಂಗಡಿಗೆ ಬಂದಾಗ ಅಲ್ಲಿ ಜನ ಸೇರಿದ್ದರು. ಕೊಕ್ಕೆಗೆ ಇಡೀ ಯಕೃತ್ತೊಂದು ತೂಗುತ್ತಿತ್ತು. ಅದರ ಹಸಿರು ಚೀಲ ಹಾಗೆಯೇ ಅಂಟಿಕೊಂಡಿತ್ತು. ಇನಾಯತ್ ಮಿಯಾಂ ಕತ್ತಿಯ ತುದಿಯಿಂದ ಅದನ್ನು ತೋರಿಸುತ್ತಿದ್ದರು.

"ಇದು ಪಿತ್ತ. ನೋಡ್ಕೊಳ್ಳಿ, ಮುಟ್ಟಿ ನೋಡಿ. ಕುದುರೆಗೆ ಇದು ಇಲ್ಲ, ನನ್ನ ಕೈಯಾರೆ ಹುಡುಕಿದೀನಿ. ಇದೆ ಅಂದ್ರೆ ಕುದುರೆ ಅಲ್ಲ. ಅನುಮಾನ ಇರೋರು ಪಶು ಆಸ್ಪತ್ರೆ ಡಾಕ್ಟರನ್ನ ಕೇಳಿ ಬನ್ನಿ, ಕಾಯ್ತೀನಿ."

"ಗೊತ್ತಾಯ್ತು ಚಚಾ, ನಿನ್ನೆನೂ ಹೇಳಿದ್ರಿ. ಈಗ ಕತ್ತರಿಸಿ ಕೊಡಿ, ಮನೇಲಿ ಒಲೆ ಹಚ್ಚಿದಾರೆ" ಎಂದು ಒಬ್ಬ ಬೇಡಿಕೊಂಡ.

"ನೀನು ನೋಡಿದೆ. ಹಿಂದಿರೋರು ನೋಡಬೇಡ್ವಾ?"

ಅಂದು ಪೊಟ್ಟಣ ಬಿಟ್ಟುಹೋಗಿದ್ದ ಹೆಂಗಸೂ ಅಲ್ಲಿದ್ದಳು. ಅವಳು ಬಗ್ಗಿ ನೋಡಿ, ಒಪ್ಪಿದ ಹಾಗೆ ತಲೆಯಾಡಿಸಿ, ಅರ್ಧ ಕಿಲೋ ಕೇಳಿದಳು. ಅವಳಿಗೆ ಕಟ್ಟಿಕೊಟ್ಟ ಮೇಲೆಯೇ ಇನಾಯತ್ ಮಿಯಾಂ ಮಗಳತ್ತ ತಿರುಗಿದ್ದು.

"ಏನಂದರು ನಿಮ್ಮ ನಿಗಮ್ ಸಾಹೇಬರು?"

"ಸಹಿ ಹಾಕಿದ್ರು ಅಬ್ಬು. ಅಧ್ಯಾಯ ಉಳೀತು."

"ಅಲ್‌ಹಮ್ದುಲಿಲ್ಲಾ. ಹಾಗಾದ್ರೆ ಮುಗೀತು."

"ಮುಗೀತು. ಆದ್ರೆ..." ತಲತ್ ಪರದೆಯ ಅಂಚನ್ನು ಹಿಡಿದುಕೊಂಡಳು. "ಸಂಶೋಧನಾ ಪತ್ರಿಕೆಗೆ ಕಳಿಸೋ ಮೊದಲು ಇನ್ನೊಂದು ಪ್ರಾಣಿಯಲ್ಲೂ ನೋಡಿದ್ರೆ ಒಳ್ಳೇದಂತೆ. ಒಂಟೆ."

ಇನಾಯತ್ ಮಿಯಾಂ ಕತ್ತಿ ಕೆಳಗಿಟ್ಟರು. ಟವೆಲಿನಿಂದ ನಿಧಾನವಾಗಿ ಕೈ ಒರೆಸಿಕೊಂಡರು. ಕೊಕ್ಕೆಯ ಮೇಲಿನ ಯಕೃತ್ತನ್ನೂ, ಸಾಲಿನಲ್ಲಿ ನಿಂತ ಜನರನ್ನೂ, ಕೊನೆಗೆ ಮಗಳನ್ನೂ ನೋಡಿದರು.

"ಅದಕ್ಕೂ ಇಲ್ವಾ?"

"ಇಲ್ಲ."

"ಎಲ್ಲಿ ಬೇಕಾದ್ರೂ ಬಂದು ಕತ್ತರಿಸ್ತೀನಿ. ಆದ್ರೆ ಆ ಒಂಟೆಯವನಿಗೆ ನಮ್ಮ ಅಂಗಡಿ ವಿಳಾಸ ಕೊಟ್ಟೆಯೋ, ನೋಡು, ನಾನೇ ನಿಮ್ಮ ನಿಗಮ್ ಸಾಹೇಬರ ಮನೆ ಮುಂದೆ ಅದನ್ನ ತಂದು ಕಟ್ಟಿಹಾಕ್ತೀನಿ" ಎಂದರು.